ಲಿನಕ್ಸ್‌ನಲ್ಲಿ ಪೋಕರ್: ಟೇಬಲ್ ಗಟ್ಟಿ, ಸುತ್ತಲಿನದೆಲ್ಲ ಅಲುಗಾಟ

ಮೊದಲೇ ಹೇಳಿಬಿಡುತ್ತೇನೆ, ನಾನು ದುಡ್ಡು ಕಟ್ಟಿ ಆಡುವವನಲ್ಲ. ವಾರಕ್ಕೊಂದು ರಾತ್ರಿ ನಾವು ಆರೇಳು ಜನ ಹಳೇ ಗೆಳೆಯರು ಒಂದು ದೊಡ್ಡ ಪೋಕರ್ ಸೈಟಿನ ಖಾಸಗಿ ಕ್ಲಬ್ಬಿನಲ್ಲಿ ಸೇರುತ್ತೇವೆ, ಪುಕ್ಕಟೆ ಚಿಪ್ಸ್ ಹಾಕಿ ಆಡುತ್ತೇವೆ, ಫೋನನ್ನು ಸ್ಪೀಕರಿನಲ್ಲಿಟ್ಟು ಹರಟೆ ಹೊಡೆಯುತ್ತೇವೆ. ಆಟಕ್ಕಿಂತ ಹರಟೆಯೇ ಜಾಸ್ತಿ. ಅವರೆಲ್ಲರದೂ ವಿಂಡೋಸ್, ಒಬ್ಬನದು ಮ್ಯಾಕ್, ನನ್ನದು ಲಿನಕ್ಸ್. ಸೈಟಿನ ಡೌನ್‌ಲೋಡ್ ಪುಟದಲ್ಲಿ ನಾಲ್ಕು ಬಟನ್ ಇವೆ, ವಿಂಡೋಸಿಗೊಂದು, ಮ್ಯಾಕಿಗೊಂದು, ಆಂಡ್ರಾಯ್ಡಿಗೊಂದು, ಐಫೋನಿಗೊಂದು. ಐದನೆಯದು ಇಲ್ಲ. ಲಿನಕ್ಸ್‌ಗೆ ಯಾವಾಗ ಎಂದು ಸಪೋರ್ಟಿಗೆ ಬರೆದೆ. ನಿಮ್ಮ ಸಲಹೆಯನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸಿದ್ದೇವೆ ಎಂಬ ಉತ್ತರ ಅರ್ಧ ಗಂಟೆಯಲ್ಲೇ ಬಂತು. ಅಷ್ಟು ಬೇಗ ಬರುವ ಉತ್ತರದ ಅರ್ಥ ಏನು ಅಂತ ಎಲ್ಲರಿಗೂ ಗೊತ್ತು ಅಲ್ವಾ.

ಹಾಗಾಗಿ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಸೈಟಿನ ವಿಂಡೋಸ್ ಪ್ರೋಗ್ರಾಮನ್ನೇ ಹಾಕಿಕೊಂಡೆ. ಆರು ತಿಂಗಳಿಂದ ಅದರಲ್ಲೇ ಆಡುತ್ತಿದ್ದೇನೆ. ಈ ವಿಮರ್ಶೆ ಆ ಆರು ತಿಂಗಳದ್ದು. ಸೈಟಿನ ಹೆಸರು ಬೇಡ, ಯಾಕೆಂದರೆ ಹೇಳುವ ತೊಂದರೆಗಳಲ್ಲಿ ಎಷ್ಟು ಅವರದು, ಎಷ್ಟು ನನ್ನ ಜೋಡಣೆಯದು ಎಂದು ಬಿಡಿಸಿ ಹೇಳುವುದು ಕಷ್ಟ. ಲಿನಕ್ಸ್ ತಮ್ಮದಲ್ಲ ಎಂದು ಅವರು ಮೊದಲೇ ಹೇಳಿದ್ದಾರೆ, ಮೋಸ ಏನೂ ಇಲ್ಲ.

ಒಂದು ಮಾತು ಇಲ್ಲೇ ಹೇಳಿದರೆ ಕೆಲವರ ಸಮಯ ಉಳಿಯುತ್ತದೆ. ನೀವು ಆಡುವ ಸೈಟು ಬ್ರೌಸರಿನಲ್ಲೇ ನಡೆಯುತ್ತದೆಯಾ ಅಂತ ಮೊದಲು ನೋಡಿ. ನಡೆದರೆ ಮುಂದಿನದು ಯಾವುದೂ ನಿಮಗೆ ಬೇಡ, ಫೈರ್‌ಫಾಕ್ಸೋ ಕ್ರೋಮಿಯಮ್ಮೋ ತೆರೆದು ಕೂತರೆ ಆಯಿತು. ಹಿಂದೆ ಕೆಲವು ಸೈಟುಗಳು ಜಾವಾದಲ್ಲಿ, ಕೆಲವು ಫ್ಲ್ಯಾಶ್‌ನಲ್ಲಿ ಇದ್ದವು. ಆಗ ಲಿನಕ್ಸಿನವರೂ ಹೇಗೋ ಒಳಗೆ ನುಸುಳುತ್ತಿದ್ದೆವು. ಬ್ರೌಸರುಗಳು ಜಾವಾ ಆ್ಯಪ್ಲೆಟ್ ಕೈಬಿಟ್ಟವು, ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಇರುವ ಬ್ರೌಸರ್ ಟೇಬಲ್‌ಗಳು ಚೆನ್ನಾಗಿಯೇ ಇವೆ, ಆದರೆ ಎಷ್ಟೋ ಕಡೆ ಎಲ್ಲ ಸೌಲಭ್ಯ ಅದರಲ್ಲಿ ಇರುವುದಿಲ್ಲ. ನಮ್ಮ ಸೈಟಿನಲ್ಲಿ ಖಾಸಗಿ ಕ್ಲಬ್ ಬ್ರೌಸರಿನಲ್ಲಿ ಇಲ್ಲ. ಗೆಳೆಯರೆಲ್ಲ ಇರುವುದು ಅಲ್ಲೇ. ಹಾಗಾಗಿ ಹೊರಗಿನ ಬಾಗಿಲಲ್ಲಿ ನಿಂತು ಇಣುಕುವ ಸ್ಥಿತಿ ನನ್ನದು.

ವೈನ್ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಅದು ವಿಂಡೋಸನ್ನು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಮಾಡಿ ಕೂರಿಸುವುದಿಲ್ಲ. ವಿಂಡೋಸ್ ಪ್ರೋಗ್ರಾಂ 'ಒಂದು ವಿಂಡೋ ತೆರೆ', 'ಈ ಫೈಲ್ ಓದು' ಎಂದು ಕೇಳಿದಾಗ ಆ ಮಾತನ್ನು ಲಿನಕ್ಸಿಗೆ ಅರ್ಥವಾಗುವ ಮಾತಿಗೆ ಅಲ್ಲೇ ತಿರುಗಿಸುತ್ತದೆ. ಮಧ್ಯೆ ಕೂತ ದುಭಾಷಿ ಥರ. 1993ರಲ್ಲಿ ಶುರುವಾದ ಕೆಲಸ, 1.0 ಎಂಬ ಸಂಖ್ಯೆ ಮುಟ್ಟಿದ್ದು 2008ರಲ್ಲಿ. ಹದಿನೈದು ವರ್ಷ! ಅಷ್ಟು ತಾಳ್ಮೆಯಿಂದ ಕಟ್ಟಿದವರ ಬಗ್ಗೆ ನನಗೆ ಗೌರವ ಇದೆ, ಮುಂದೆ ಎಷ್ಟೇ ಗೊಣಗಿದರೂ ಅದು ನೆನಪಿರಲಿ. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ ಕೂಡ ಇದೇ ವೈನ್ ಮೇಲೆ ನಿಂತದ್ದು, ಅವರದೇ ಗೇಮ್ ಅಂಗಡಿ ಸ್ಟೀಮಿನ ದೊಡ್ಡ ದೊಡ್ಡ ಗೇಮ್‌ಗಳು ಲಿನಕ್ಸ್‌ನಲ್ಲಿ ಓಡುವುದು ಅದರಿಂದಲೇ.

ಇಲ್ಲಿ ಎಲ್ಲರೂ ಒಂದು ಪ್ರಶ್ನೆ ಕೇಳುತ್ತಾರೆ. ಅಷ್ಟು ಭಾರದ ಗೇಮ್‌ಗಳೇ ಓಡುತ್ತವೆ ಅಂದಮೇಲೆ ನಾಲ್ಕು ಇಸ್ಪೀಟೆಲೆ ತೋರಿಸುವ ಪ್ರೋಗ್ರಾಮಿಗೆ ಏನು ಕಷ್ಟ? ನಾನೂ ಹಾಗೇ ಅಂದುಕೊಂಡಿದ್ದೆ. ವಿಷಯ ಏನೆಂದರೆ ದೊಡ್ಡ ಗೇಮ್ ಸಾಮಾನ್ಯವಾಗಿ ಒಂದೇ ವಿಂಡೋ. ಪರದೆ ಪೂರ್ತಿ ತುಂಬಿಕೊಂಡು ಕೂತುಬಿಡುತ್ತದೆ, ಅಕ್ಕಪಕ್ಕದವರ ಗೊಡವೆ ಇಲ್ಲ. ಪೋಕರ್ ಕ್ಲೈಂಟ್, ಅಂದರೆ ನಮ್ಮ ಕಂಪ್ಯೂಟರಿನಲ್ಲಿ ಕೂರುವ ಸೈಟಿನ ಪ್ರೋಗ್ರಾಂ, ಹಾಗಲ್ಲ. ಅದೊಂದು ಕೂಡು ಕುಟುಂಬ. ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳುವ ತುಂಡು ಒಂದು, ಟೇಬಲ್‌ಗಳ ಪಟ್ಟಿ ತೋರಿಸುವ ಲಾಬಿ ಒಂದು, ಪ್ರತಿ ಟೇಬಲ್‌ಗೂ ಬೇರೆ ವಿಂಡೋ, ಮಧ್ಯೆ ಮಧ್ಯೆ ಏಳುವ ಚಿಕ್ಕ ಚಿಕ್ಕ ಪಾಪಪ್‌ಗಳು, ಇವೆಲ್ಲದರ ಜೊತೆಗೆ ದುಡ್ಡು, ಚಿಪ್ಸಿನ ವ್ಯವಹಾರ ನಡೆಯುವ ಕ್ಯಾಷಿಯರ್ ಪುಟ, ಜಾಹೀರಾತು ತೋರಿಸಲು ಒಳಗೇ ಹುದುಗಿಸಿದ ಒಂದು ಇಡೀ ಕ್ರೋಮಿಯಂ ಬ್ರೌಸರ್. ಇದರಲ್ಲಿ ಟೇಬಲ್ ಅನ್ನುವುದು ಅತ್ಯಂತ ಸರಳವಾದ ಭಾಗ. ಚಿತ್ರ, ಬಟನ್, ಅಂಕಿ, ಅಷ್ಟೇ. ಅದು ವೈನ್‌ನಲ್ಲಿ ಬಂಡೆಯ ಹಾಗೆ ನಿಲ್ಲುತ್ತದೆ. ಮಿಕ್ಕವರೇ ಜಗಳಗಂಟರು.

ಹಾಕಿಕೊಂಡ ದಿನದ ಕತೆ. ವೈನ್ ತನ್ನ ಸಾಮಾನುಗಳನ್ನೆಲ್ಲ ಹೋಂ ಫೋಲ್ಡರಿನಲ್ಲಿ ಒಂದು ಅಡಗಿದ ಫೋಲ್ಡರಿನೊಳಗೆ ಇಡುತ್ತದೆ. ಪ್ರಿಫಿಕ್ಸ್ ಅನ್ನುತ್ತಾರೆ ಅದನ್ನು. ಅದರೊಳಗೆ ಒಂದು ಸುಳ್ಳು ಸಿ ಡ್ರೈವ್ ಇರುತ್ತದೆ. ನಾನು ಪೋಕರಿಗೇ ಅಂತ ಬೇರೆ ಪ್ರಿಫಿಕ್ಸ್ ಮಾಡಿದೆ, ನೀವೂ ಹಾಗೇ ಮಾಡಿ, ಕಾರಣ ಮುಂದೆ ಬರುತ್ತದೆ. ಮೊದಲ ಸಲ ಶುರುವಾದಾಗ ಮೋನೋ ಬೇಕಾ, ಗೆಕ್ಕೋ ಬೇಕಾ ಎಂದು ಕೇಳಬಹುದು, ಡಾಟ್‌ನೆಟ್ ಮತ್ತು ವೆಬ್ ಪುಟಗಳಿಗೆ ಬದಲಿ ಅವು, ಹೂಂ ಅನ್ನಿ. ವೈನ್ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ 10 ಎಂದು ಆರಿಸಿ. ಕ್ಲೈಂಟ್ 32 ಬಿಟ್ಟಿನದಾಗಿದ್ದರೆ ಲಿನಕ್ಸಿನ 32 ಬಿಟ್ ಲೈಬ್ರರಿಗಳೂ ಬೇಕಾಗುತ್ತವೆ. 2024ರ ಜನವರಿಯಲ್ಲಿ ಬಂದ ವೈನ್ 9.0 ಈ ಗಂಟನ್ನು ಬಿಡಿಸುವ ಹೊಸ ದಾರಿ ತೆರೆಯಿತು, ಆದರೆ ನಿಮ್ಮ ಡಿಸ್ಟ್ರೋದ (ನೀವು ಹಾಕಿಕೊಂಡಿರುವ ಲಿನಕ್ಸ್ ಬಗೆಯ) ಪ್ಯಾಕೇಜ್ ಕಟ್ಟಿದವರು ಆ ದಾರಿಯನ್ನು ಆನ್ ಮಾಡಿದ್ದಾರಾ ಎನ್ನುವುದರ ಮೇಲೆ ನಿಂತಿದೆ.

ಇನ್‌ಸ್ಟಾಲರ್ ಚಕಚಕ ಓಡಿತು. ಪಟ್ಟಿ ತುಂಬಿತು. ಲಾಗಿನ್ ವಿಂಡೋ ಬಂತು. ನೋಡಿದರೆ ಎರಡು ಖಾಲಿ ಬಿಳಿ ಪೆಟ್ಟಿಗೆ, ಕೆಳಗೊಂದು ಕೆಂಪು ಬಟನ್, ಎಲ್ಲೂ ಒಂದಕ್ಷರ ಇಲ್ಲ. ಯಾವುದು ಹೆಸರು, ಯಾವುದು ಪಾಸ್‌ವರ್ಡ್? ಅಂದಾಜಿನ ಮೇಲೆ ಬರೆದು ಒತ್ತಿದೆ, ಒಳಗೂ ಹೋಯಿತು! ಒಳಗೆ ಲಾಬಿ ಪೂರ್ತಿ ಮೂಕ. ಸಾಲುಸಾಲು ಗೆರೆಗಳಿವೆ, ಬಣ್ಣಗಳಿವೆ, ಒಂದು ಅಂಕಿಯೂ ಇಲ್ಲ. ಫಾಂಟಿನ ಸಮಸ್ಯೆ ಇದು. ಕ್ಲೈಂಟ್ ವಿಂಡೋಸಿನ ಏರಿಯಲ್ ಥರದ ಫಾಂಟುಗಳನ್ನು ಹೆಸರಿಟ್ಟು ಕೇಳುತ್ತಿತ್ತು, ಅವು ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ವೈನ್‌ಟ್ರಿಕ್ಸ್ ಎಂಬ ಚಿಕ್ಕ ಸಲಕರಣೆ ಇದೆ, ಅದರಲ್ಲಿ ಫಾಂಟುಗಳನ್ನು ಆರಿಸಿ ಹಾಕಿದೆ, ಮುಚ್ಚಿ ತೆರೆದೆ, ಅಕ್ಷರಗಳೆಲ್ಲ ಮಳೆ ಬಿದ್ದ ಹಾಗೆ ಬಂದವು. ಇಷ್ಟಕ್ಕೆ ಒಂದು ಸಂಜೆ ಹೋಯಿತು. ಈಗ ಗೊತ್ತಿರುವುದರಿಂದ ಐದು ನಿಮಿಷದ ಕೆಲಸ. ಚಾಟಿನಲ್ಲಿ ಗೆಳೆಯರು ಕನ್ನಡದಲ್ಲಿ ಬರೆದರೆ ಮಾತ್ರ ಇವತ್ತಿಗೂ ನನಗೆ ಬರೀ ಚೌಕ ಚೌಕ. ಬೈದಿದ್ದಾರೋ ಹೊಗಳಿದ್ದಾರೋ ತಿಳಿಯುವುದಿಲ್ಲ. ಅಭ್ಯಾಸವಾಗಿದೆ.

ಪರದೆ ತುಂಬಾ ಸೂಕ್ಷ್ಮದ್ದಾಗಿದ್ದರೆ, ಅಂದರೆ ಈಗಿನ 4ಕೆ ಥರದ್ದು, ಎಲೆಯ ಮೇಲಿನ ಅಂಕಿ ಇರುವೆಯಷ್ಟು ಕಾಣುತ್ತದೆ. ವೈನ್ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಪುಟದಲ್ಲಿ ಡಿಪಿಐ ಅಂತ ಒಂದು ಜಾರುಗುಂಡಿ ಇದೆ, ಮೊದಲು 96ರಲ್ಲಿರುತ್ತದೆ. ಅದನ್ನು ಏರಿಸಿ.

ಈಗ ಟೇಬಲ್. ಇಲ್ಲಿ ನನ್ನ ಹತ್ತಿರ ದೂರೇ ಇಲ್ಲ. ಎಲೆ ಹಂಚುವ ಚಲನೆ ನುಣ್ಣಗಿದೆ, ಚಿಪ್ಸ್ ಸದ್ದು ಸರಿಯಾದ ಕ್ಷಣಕ್ಕೆ ಬರುತ್ತದೆ, ಬೆಟ್ ಎಷ್ಟು ಎಂಬುದನ್ನು ಮೌಸ್ ಚಕ್ರ ತಿರುಗಿಸಿ ಏರಿಸಬಹುದು. ಕಾಲ್ (ಎದುರಿನವರ ಬೆಟ್‌ಗೆ ಸಮ ಹಾಕುವುದು) ಒತ್ತಿದರೆ ಕಾಲ್, ಫೋಲ್ಡ್ (ಎಲೆ ಬಿಟ್ಟುಕೊಡುವುದು) ಒತ್ತಿದರೆ ಫೋಲ್ಡ್. ವಿಂಡೋಸ್ ಇರುವ ಗೆಳೆಯನ ಪಕ್ಕದಲ್ಲಿ ಕೂತು ಎರಡೂ ಪರದೆ ಹೋಲಿಸಿದ್ದೇನೆ, ಗೆರೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ನನ್ನದು ಹಳೇ ಲ್ಯಾಪ್‌ಟಾಪ್, ಆದರೂ ಒಂದು ಟೇಬಲ್‌ಗೆ ಫ್ಯಾನ್ ಕೂಡ ತಿರುಗುವುದಿಲ್ಲ. ಸಿಗ್ನಲ್ ಬಿದ್ದು ಮತ್ತೆ ಬಂದರೆ ತಾನೇ ಒಳಗೆ ಬಂದು ಕೂರುತ್ತದೆ. ಒಂದೇ ಟೇಬಲ್, ವಾರಕ್ಕೊಂದು ಸಂಜೆ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಹಾಕಿಕೊಳ್ಳಿ, ನಡೆಯುತ್ತದೆ.

ಎರಡನೇ ಟೇಬಲ್ ತೆರೆದಾಗಲೇ ನಾಟಕ ಶುರು.

ಒಂದು ರಾತ್ರಿಯದು ಹೇಳುತ್ತೇನೆ. ಎರಡು ಟೇಬಲ್ ಅಕ್ಕಪಕ್ಕ ಇಟ್ಟುಕೊಂಡಿದ್ದೆ. ಎಡಗಡೆಯದರಲ್ಲಿ ಎಲೆ ಬಂತು, ನೋಡಿದರೆ ಆಟೀನು ಎಕ್ಕ, ಇಸ್ಪೀಟು ಎಕ್ಕ. ನಾವು ಆಡುವ ಹೋಲ್ಡಮ್ ಎಂಬ ಪೋಕರ್ ಬಗೆಯಲ್ಲಿ ಕೈಗೆ ಬರುವ ಎರಡು ಎಲೆಯ ಜೋಡಿಗಳು ಒಟ್ಟು 1326, ಅದರಲ್ಲಿ ಎಕ್ಕದ ಜೋಡಿ ಬರೀ 6, ಅಂದರೆ ಸರಾಸರಿ 221 ಕೈಗೆ ಒಂದು ಸಲ. ಆ ವಾರ ಇಡೀ ಕಾದಿದ್ದು ಅದಕ್ಕೇ. ನನ್ನ ಮುಂದೆ ಒಬ್ಬ ರೈಸ್ ಮಾಡಿದ್ದ, ಅಂದರೆ ಬೆಟ್ ಏರಿಸಿದ್ದ, ಇನ್ನೊಬ್ಬ ಅದರ ಮೇಲೆ ರೈಸ್. ಕೈ ನಡುಗುತ್ತಾ ಬೆಟ್ ಪೆಟ್ಟಿಗೆಯಲ್ಲಿ ಅಂಕಿ ಬರೆಯಲು ಹೋದೆ, ಅಂಕಿ ಬೀಳುತ್ತಿಲ್ಲ. ಬಟನ್ ಒತ್ತಿದೆ, ಒತ್ತಿಕೊಳ್ಳುತ್ತಿಲ್ಲ. ಟೇಬಲ್ ಜೀವಂತವಾಗಿದೆ, ಗಡಿಯಾರದ ಗೆರೆ ಹಸಿರಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತಿದೆ, ನಾನು ಮೌಸ್ ಹಿಡಿದು ಅದೇ ಜಾಗದಲ್ಲಿ ಕುಟ್ಟುತ್ತಿದ್ದೇನೆ. ಫೋಲ್ಡ್ ಆಯಿತು. ತಾನಾಗಿಯೇ. ಎರಡು ಎಕ್ಕಗಳು ಮೇಜಿನ ಮಧ್ಯಕ್ಕೆ ಜಾರಿ ಹೋದವು.

ಫೋನಿನಿಂದ ಗೆಳೆಯನ ದನಿ, "ಏನೋ, ಫೋಲ್ಡಾ? ಅಷ್ಟೊತ್ತು ಯೋಚನೆ ಮಾಡಿ? ಏನಿತ್ತೋ?"

"ಎಕ್ಕದ ಜೋಡಿ ಕಣೋ."

ಐದು ಜನ ಒಟ್ಟಿಗೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ. "ನಿನ್ನ ವೈನು ಇಳೀಲಿ, ಆಮೇಲೆ ಆಡೋಣ ಬಿಡು" ಅಂದ ಇನ್ನೊಬ್ಬ. ಅವತ್ತಿಂದ ನನಗೆ ವೈನು ಅಂತಲೇ ಹೆಸರು.

ಆದದ್ದು ಏನು? ಲಾಬಿ ವಿಂಡೋದ ಹಿಂದೆ ಒಂದು ಪಾಪಪ್ ಎದ್ದಿತ್ತು. 'ಹೊಸ ಟೂರ್ನಮೆಂಟ್ ಶುರುವಾಗಲಿದೆ, ಸರಿ' ಎಂಬ ಜಾತಿಯದು. ಅದನ್ನು ಮುಚ್ಚುವವರೆಗೂ ಬೇರೆ ಯಾವುದನ್ನೂ ಮುಟ್ಟಲು ಬಿಡದ ಥರ ಅದನ್ನು ಬರೆದಿದ್ದಾರೆ. ವಿಂಡೋಸ್‌ನಲ್ಲಿ ಅಂಥದ್ದು ಎಲ್ಲದರ ಮುಂದೆ ಬಂದು ನಿಲ್ಲುತ್ತದೆ, ನೀವು ಮುಚ್ಚುತ್ತೀರಿ, ಮುಗಿಯಿತು. ಲಿನಕ್ಸ್‌ನಲ್ಲಿ ಯಾವ ವಿಂಡೋ ಮುಂದೆ, ಯಾವುದು ಹಿಂದೆ ಎಂದು ತೀರ್ಮಾನಿಸುವವನು ವಿಂಡೋ ಮ್ಯಾನೇಜರ್. ಅವನಿಗೆ ಒಂದು ಒಳ್ಳೆಯ ಬುದ್ಧಿ ಇದೆ, ನೀವು ಏನೋ ಮಾಡುತ್ತಿರುವಾಗ ಬೇರೆ ಯಾರೂ ಮುಂದೆ ನುಗ್ಗಲು ಬಿಡುವುದಿಲ್ಲ. ದಿನದ ಕೆಲಸದಲ್ಲಿ ಅದು ವರ, ನಾನೇ ಎಷ್ಟೋ ಸಲ ಹೊಗಳಿದ್ದೇನೆ. ಆವತ್ತು ಅವನು ಪಾಪಪ್ಪನ್ನು ಸಭ್ಯವಾಗಿ ಹಿಂದೆ ನಿಲ್ಲಿಸಿದ, ಕ್ಲೈಂಟ್ ನನ್ನನ್ನು ತಡೆದು ನಿಲ್ಲಿಸಿತು, ಇಬ್ಬರೂ ಅವರವರ ಲೆಕ್ಕದಲ್ಲಿ ಸರಿ, ಎಕ್ಕ ಹೋದದ್ದು ನನ್ನದು.

ಇದಕ್ಕೆ ಮದ್ದು ಇದೆ. ವೈನ್ ಸೆಟ್ಟಿಂಗ್ಸ್‌ನ ಅದೇ ಗ್ರಾಫಿಕ್ಸ್ ಪುಟದಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಅಂತ ಒಂದು ಚೌಕ ಇದೆ, ಗುರುತು ಹಾಕಿ ಅಳತೆ ಕೊಡಿ. ನಾನು 1600 ಇಂಟು 900 ಕೊಟ್ಟಿದ್ದೇನೆ. ಆಗ ಲಾಬಿ, ಟೇಬಲ್, ಪಾಪಪ್ ಎಲ್ಲವೂ ಒಂದೇ ದೊಡ್ಡ ವಿಂಡೋದೊಳಗೆ ಬಂಧಿ. ಯಾರು ಮುಂದೆ ಯಾರು ಹಿಂದೆ ಎಂಬುದನ್ನು ಒಳಗೆ ವೈನ್ ತಾನೇ ನೋಡಿಕೊಳ್ಳುತ್ತದೆ, ವಿಂಡೋಸಿನ ಪದ್ಧತಿಯಂತೆ. ಪಾಪಪ್ ಮುಂದೆಯೇ ಬರುತ್ತದೆ. ನೋಡಲು ಸ್ವಲ್ಪ ಹಳೇ ಕಾಲದ ಕಂಪ್ಯೂಟರ್ ಥರ ಕಾಣುತ್ತದೆ, ಸುತ್ತ ನೀಲಿ ಹಿನ್ನೆಲೆ, ಒಳಗೆ ಓಡಾಡುವ ವಿಂಡೋಗಳು. ಒಂದು ಟೇಬಲ್ಲನ್ನು ಇನ್ನೊಂದು ಮಾನಿಟರಿಗೆ ಎಳೆದುಕೊಂಡು ಹೋಗಲು ಆಗುವುದಿಲ್ಲ. ಆದರೂ ಆಮೇಲೆ ಒಂದು ಕೈಯೂ ಹಾಗೆ ಕಳೆದಿಲ್ಲ. ಇಡೀ ಬರಹದಲ್ಲಿ ಒಂದೇ ಸಲಹೆ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ.

ಮುಂದಿನದು ಕ್ಯಾಷಿಯರ್. ನಾನು ದುಡ್ಡು ಹಾಕುವುದಿಲ್ಲ, ನನಗೇಕೆ ಕ್ಯಾಷಿಯರ್ ಅಂತ ಸುಮ್ನಿದ್ದೆ. ಪುಕ್ಕಟೆ ಚಿಪ್ಸ್ ಖಾಲಿಯಾದ ದಿನ ಗೊತ್ತಾಯಿತು, ಹೊಸ ಚಿಪ್ಸ್ ಕೊಡುವ ಬಟನ್ ಇರುವುದೂ ಅದೇ ಕಿಟಕಿಯಲ್ಲಿ. ತೆರೆದರೆ ಬರೀ ಬಿಳಿ. ಹಾಲು ಚೆಲ್ಲಿದ ಹಾಗೆ ಬಿಳಿ. ಅದು ಮೊದಲು ಹೇಳಿದ ಹುದುಗಿಸಿದ ಕ್ರೋಮಿಯಮ್ಮಿನ ಕೆಲಸ. ಕ್ರೋಮಿಯಂ ತನ್ನನ್ನು ತಾನು ಹಲವು ಪ್ರೋಸೆಸ್‌ಗಳಾಗಿ ಒಡೆದುಕೊಂಡು, ಹೆಚ್ಚಿನವನ್ನು ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೆ ಕೂಡಿಹಾಕಿ, ಚಿತ್ರ ಬಿಡಿಸಲು ಗ್ರಾಫಿಕ್ಸ್ ಕಾರ್ಡಿಗೆ ಹೇಳಿ ಕಳಿಸುತ್ತದೆ. ಆ ಸ್ಯಾಂಡ್‌ಬಾಕ್ಸ್ ವಿಂಡೋಸಿನ ತೀರಾ ಒಳಗಿನ ಸೂಕ್ಷ್ಮಗಳನ್ನು ನಂಬಿ ಕಟ್ಟಿದ್ದು, ದುಭಾಷಿ ತಡವರಿಸುವುದು ಇಂಥ ಕಡೆಯೇ. ಗ್ರಾಫಿಕ್ಸ್ ವೇಗವರ್ಧನೆ ಆಫ್ ಮಾಡಿ ಪ್ರೋಗ್ರಾಂ ಶುರು ಮಾಡಿದರೆ ಕೆಲವೊಮ್ಮೆ ಪುಟ ಬರುತ್ತದೆ, ನನಗೆ ಬರಲಿಲ್ಲ. ಸ್ಯಾಂಡ್‌ಬಾಕ್ಸನ್ನೇ ಆಫ್ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ದುಡ್ಡಿನ ವ್ಯವಹಾರ ನಡೆಯುವ ಪುಟಕ್ಕೆ ಇರುವ ಕಾವಲನ್ನು ತೆಗೆಯುವುದು ಯಾವ ಜಾಣತನ, ನನಗಂತೂ ಮನಸ್ಸು ಬರಲಿಲ್ಲ. ಫೋನಿನ ಆ್ಯಪ್ ತೆರೆದು ಚಿಪ್ಸ್ ತುಂಬಿಕೊಂಡು ಕಂಪ್ಯೂಟರಿಗೆ ವಾಪಸ್ ಬಂದೆ. ಈಗಲೂ ಹಾಗೇ ಮಾಡುತ್ತೇನೆ. ಹಾಗಿದ್ದರೆ ಫೋನಿನಲ್ಲೇ ಆಡಬಹುದಲ್ಲ ಅನ್ನುತ್ತೀರಿ. ಆಡಬಹುದು. ಫೋನಿನಲ್ಲಿ ಹರಟೆ ನಡೀತಿರುತ್ತಲ್ಲ, ಅದಕ್ಕೇ.

ಅಪ್‌ಡೇಟ್ ಬಗ್ಗೆ ಸ್ವಲ್ಪ ಕಹಿ ಇದೆ. ಪೋಕರ್ ಕ್ಲೈಂಟ್‌ಗಳು ಅಪ್‌ಡೇಟ್ ಬೇಡ ಅಂದರೆ ಕೇಳುವುದಿಲ್ಲ. ಸರ್ವರ್ ಮತ್ತು ಕ್ಲೈಂಟ್ ಆವೃತ್ತಿ ಹೊಂದಬೇಕು, ಹೊಂದದಿದ್ದರೆ ಒಳಗೆ ಬಿಡುವುದೇ ಇಲ್ಲ. ಹಾಗಾಗಿ ನಿನ್ನೆ ಚೆನ್ನಾಗಿ ಓಡಿದ್ದು ಇವತ್ತು ಆಟಕ್ಕೆ ಹತ್ತು ನಿಮಿಷ ಇರುವಾಗ ಅಪ್‌ಡೇಟ್ ಹಾಕಿಕೊಂಡು ಏಳದೇ ಕೂರಬಹುದು. ನನಗೆ ಆರು ತಿಂಗಳಲ್ಲಿ ಎರಡು ಸಲ ಆಗಿದೆ. ಒಂದು ಸಲ ಅಪ್‌ಡೇಟ್ ಮಾಡುವ ತುಂಡು ತನ್ನನ್ನು ತಾನೇ ಮುಚ್ಚಿ ಮತ್ತೆ ತೆರೆಯುವಲ್ಲಿ ಎಡವಿತ್ತು, ಕೈಯಾರೆ ಶುರು ಮಾಡಿದ ಮೇಲೆ ಸರಿಹೋಯಿತು. ಇನ್ನೊಂದು ಸಲ ಫೈಲುಗಳು ಅರ್ಧಂಬರ್ಧವಾಗಿ, ಏನು ಮಾಡಿದರೂ ಏಳಲಿಲ್ಲ. ಬೇರೆ ಪ್ರಿಫಿಕ್ಸ್ ಮಾಡಿ ಎಂದಿದ್ದು ಇದಕ್ಕೇ. ಎಲ್ಲ ಸರಿಯಾಗಿ ಓಡುತ್ತಿರುವ ದಿನ ಆ ಫೋಲ್ಡರನ್ನು ಪೂರ್ತಿ ನಕಲು ಮಾಡಿ ಪಕ್ಕಕ್ಕಿಡಿ. ಕೆಟ್ಟ ದಿನ ಕೆಟ್ಟದ್ದನ್ನು ಅಳಿಸಿ ನಕಲನ್ನು ಅದರ ಜಾಗಕ್ಕೆ ಹಾಕಿ. ಅದು ಮತ್ತೆ ಅಪ್‌ಡೇಟ್ ಹಾಕಿಕೊಳ್ಳುತ್ತದೆ, ಆದರೆ ಈ ಸಲ ನೆಟ್ಟಗೆ. ಇದೊಂದರಲ್ಲಿ ವಿಂಡೋಸಿಗಿಂತ ನಾವೇ ವಾಸಿ, ಅವರು ಹಾಗೆ ಇಡೀ ಪ್ರೋಗ್ರಾಮನ್ನು ರಿಜಿಸ್ಟ್ರಿ ಸಮೇತ ಎತ್ತಿ ಪಕ್ಕಕ್ಕಿಡಲಿ ನೋಡೋಣ.

ಇನ್ನೊಂದು ವಿಷಯ, ಇದನ್ನು ಹೇಳುವವರು ಕಡಿಮೆ. ವೈನ್ ಪ್ರಿಫಿಕ್ಸ್ ಅನ್ನುವುದು ಬೇಲಿ ಅಲ್ಲ. ಅದರೊಳಗೆ ಸಿ ಡ್ರೈವ್ ಇದ್ದ ಹಾಗೆಯೇ ಜ಼ೆಡ್ ಡ್ರೈವ್ ಒಂದಿರುತ್ತದೆ, ಅದು ನೇರ ನಿಮ್ಮ ಇಡೀ ಲಿನಕ್ಸಿನ ಬುಡಕ್ಕೆ ಹೋಗುವ ಬಾಗಿಲು. ಪೋಕರ್ ಕ್ಲೈಂಟಿಗೆ ಬೇಕೆನಿಸಿದರೆ ನೀವು ಓದಬಲ್ಲ ಯಾವ ಫೈಲನ್ನೂ ಓದಬಹುದು. ಓದುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬಾಟ್, ಅಂದರೆ ಮನುಷ್ಯನ ಬದಲು ತಾನೇ ಆಡುವ ಪ್ರೋಗ್ರಾಂ, ಹಾಕುವವರನ್ನು ಹಿಡಿಯಲು ಕ್ಲೈಂಟ್‌ಗಳು ಓಡುತ್ತಿರುವ ಪ್ರೋಗ್ರಾಂಗಳನ್ನು ನೋಡುತ್ತವೆ ಎಂಬುದು ಅವರ ನಿಯಮಗಳಲ್ಲೇ ಬರೆದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಜ಼ೆಡ್ ಅಕ್ಷರವನ್ನು ತೆಗೆಯಬಹುದು, ಆದರೆ ಹಟ ಹಿಡಿದ ಪ್ರೋಗ್ರಾಮಿಗೆ ಬೇರೆ ದಾರಿಗಳಿವೆ. ನಾನು ಪೋಕರಿಗೇ ಲಿನಕ್ಸಿನಲ್ಲಿ ಬೇರೆ ಬಳಕೆದಾರನ ಖಾತೆ ತೆರೆದಿದ್ದೇನೆ, ಅವನಿಗೆ ನನ್ನ ಫೋಟೋ, ಕಾಗದಪತ್ರ ಯಾವುದೂ ಕಾಣುವುದಿಲ್ಲ. ವೈನನ್ನು ನಿಭಾಯಿಸುವ ಬಾಟಲ್ಸ್ ಎಂಬ ಪ್ರೋಗ್ರಾಮಿನ ಫ್ಲ್ಯಾಟ್‌ಪ್ಯಾಕ್ (ಬೇಲಿಯೊಳಗೇ ಓಡುವ ಪ್ಯಾಕೇಜ್) ಆವೃತ್ತಿಯೂ ಇಂಥದೇ ಗೋಡೆ ಕಟ್ಟಿಕೊಡುತ್ತದೆ, ವೈನ್ ಸೆಟ್ಟಿಂಗ್ಸ್ ಕಂಡರೆ ಹೆದರುವವರಿಗೆ ಅದೇ ಸುಲಭ.

ದುಡ್ಡಿಟ್ಟು ಆಡುವವರಿಗೆ ನನ್ನ ಉತ್ತರ ನೇರ: ಬೇಡ. ಮೊದಲು ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ನೋಡಿ, ಎಷ್ಟೋ ಕಡೆ ಅದೇ ಮುಗಿದ ಮಾತು. ಕಾನೂನು ಬಿಡುವ ಕಡೆಯೂ ಕೆಲವು ಸೈಟುಗಳು ನೀವು ಎಲ್ಲಿ ಕೂತಿದ್ದೀರಿ ಎಂದು ಪತ್ತೆ ಮಾಡುವ ಇನ್ನೊಂದು ಪ್ರೋಗ್ರಾಂ ಹಾಕಿಸುತ್ತವೆ. ಅದು ಸುತ್ತಲಿನ ವೈಫೈ ಹೆಸರುಗಳನ್ನೆಲ್ಲ ಓದುವ ಜಾತಿಯದು, ವೈನ್‌ನಲ್ಲಿ ಅದನ್ನು ನಂಬಿ ಕೂರಬೇಡಿ. ಅದೂ ಇಲ್ಲದ ಕಡೆ ಪಾಪಪ್ ಕತೆ ಹೇಳಿದೆನಲ್ಲ, ಅದು ಪುಕ್ಕಟೆ ಚಿಪ್ಸ್ ಆದ್ದರಿಂದ ನಕ್ಕು ಮರೆತೆವು. ನಮ್ಮದಲ್ಲದ ವ್ಯವಸ್ಥೆಯಲ್ಲಿ ಓಡಿಸಿ ಕಳೆದುಕೊಂಡಿರಿ ಎಂದು ಸೈಟಿನವರು ಕೈ ತೊಳೆದುಕೊಂಡರೆ ಅವರದು ತಪ್ಪು ಎನ್ನಲು ಆಗುವುದಿಲ್ಲ.

ಅಂದ ಹಾಗೆ, ವೈನ್‌ನಲ್ಲಿ ಆಡಿದರೆ ಎಲೆ ಬೇರೆ ಬರುತ್ತದಾ ಎಂದು ನಮ್ಮ ಗುಂಪಿನಲ್ಲೊಬ್ಬ ನಿಜವಾಗಿಯೂ ಕೇಳಿದ. ಇಲ್ಲ ಮಾರಾಯ, ಎಲೆ ಕಲೆಸುವುದು ಸರ್ವರಿನಲ್ಲಿ, ನಮ್ಮ ಕಡೆ ಬರುವುದು ಚಿತ್ರ ಮಾತ್ರ. ಹಾಗಂತ ಅವನ ಅನುಮಾನ ಪೂರ್ತಿ ಹುಚ್ಚಲ್ಲ. 52 ಎಲೆಗಳನ್ನು ಜೋಡಿಸುವ ರೀತಿಗಳನ್ನು ಬರೆದರೆ 8ರ ಮುಂದೆ 67 ಸೊನ್ನೆ. 1999ರಲ್ಲಿ ಕೆಲವು ಸಂಶೋಧಕರು ಆಗಿನ ಒಂದು ಆನ್‌ಲೈನ್ ಪೋಕರ್ ಸಾಫ್ಟ್‌ವೇರಿನ ಕಲೆಸುವ ವಿಧಾನವನ್ನು ಬಿಚ್ಚಿ ನೋಡಿದರು. ಅದು 32 ಬಿಟ್ಟಿನ ಬೀಜ ಸಂಖ್ಯೆಯಿಂದ (ಕಲೆಸುವ ಲೆಕ್ಕ ಶುರುವಾಗುವ ಸಂಖ್ಯೆ) ಕಲೆಸುತ್ತಿತ್ತು, ಅಂದರೆ ಹೆಚ್ಚೆಂದರೆ 429 ಕೋಟಿ ಬಗೆ. ಆ ಬೀಜವೂ ನಡುರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳ ಲೆಕ್ಕ, ಅಂದರೆ ಇಡೀ ದಿನಕ್ಕೆ ಬರೀ 8 ಕೋಟಿ 64 ಲಕ್ಷ. ತಮ್ಮ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಬಿಚ್ಚುವ ಮೊದಲ ಮೂರು ಎಲೆ (ಫ್ಲಾಪ್) ನೋಡಿ ಉಳಿದವರ ಕೈಯಲ್ಲಿ ಏನಿದೆ ಎಂದು ಅಲ್ಲೇ ಹೇಳಿ ತೋರಿಸಿದರು. ಆಮೇಲೆ ಅದನ್ನು ಸರಿಪಡಿಸಿದರು ಬಿಡಿ. ಆದರೆ ತೂತು ಇದ್ದದ್ದು ಸರ್ವರ್ ಕಡೆ, ಆಡುವವನ ಕಂಪ್ಯೂಟರ್ ಯಾವುದಾದರೇನು.

ಅಂಕಿಅಂಶದ ಚಟ ಇರುವವರಿಗೆ, ಎದುರಾಳಿಯ ತಲೆಯ ಮೇಲೆ ಅವನ ಆಟದ ಲೆಕ್ಕ ತೋರಿಸುವ ಹಡ್ ಬೇಕು. ಅದನ್ನು ಕೊಡುವ ಪೋಕರ್‌ಟ್ರ್ಯಾಕರ್ 4 ಎಂಬ ಪ್ರೋಗ್ರಾಂ ವಿಂಡೋಸ್ ಮತ್ತು ಮ್ಯಾಕಿಗೆ ಮಾತ್ರ ಇದೆ. ಅದನ್ನು ವೈನ್‌ನಲ್ಲಿ ಹಾಕುವುದಾದರೆ ಪೋಕರ್ ಕ್ಲೈಂಟ್ ಇರುವ ಅದೇ ಪ್ರಿಫಿಕ್ಸಿನಲ್ಲೇ ಹಾಕಬೇಕು, ಬೇರೆ ಬೇರೆ ಇಟ್ಟರೆ ಒಂದಕ್ಕೊಂದು ಕಾಣುವುದೇ ಇಲ್ಲ. ಅದರ ಹಿಂದೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್ ಬೇರೆ ಓಡಬೇಕು. ಎಫ್‌ಪಿಡಿಬಿ ಎಂಬ ತೆರೆದ ಮೂಲದ ಪೈಥಾನ್ ಪ್ರೋಗ್ರಾಂ ಲಿನಕ್ಸಿನಲ್ಲೇ ನೇರ ಓಡುತ್ತದೆ, ಕ್ಲೈಂಟ್ ಬರೆದಿಟ್ಟ ಕೈಗಳ ಫೈಲುಗಳನ್ನು ಸುಳ್ಳು ಸಿ ಡ್ರೈವಿನೊಳಗಿಂದ ಓದುತ್ತದೆ. ಆದರೆ ಇಲ್ಲೊಂದು ಹೊಸ ತಕರಾರು. ಹಡ್ ಅಂದರೆ ಟೇಬಲ್ ವಿಂಡೋ ಎಲ್ಲಿದೆ ಎಂದು ತಿಳಿದುಕೊಂಡು ಅದರ ಮೇಲೆ ಅಂಟಿಕೊಳ್ಳಬೇಕು. ಲಿನಕ್ಸಿನಲ್ಲಿ ಪರದೆ ಮೇಲೆ ವಿಂಡೋ ತೋರಿಸುವ ಹಳೇ ವ್ಯವಸ್ಥೆ ಎಕ್ಸ್11ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಇನ್ನೊಂದರ ವಿಂಡೋ ಎಲ್ಲಿದೆ ಎಂದು ಕೇಳಬಹುದು. ಅದರ ಜಾಗಕ್ಕೆ ಬಂದ ಈಗಿನ ವೇಲ್ಯಾಂಡ್ ಅದನ್ನು ಬೇಕೆಂದೇ ಮುಚ್ಚಿದೆ, ಸುರಕ್ಷತೆಗೆ. ಹಾಗಾಗಿ ಹಡ್ ಬೇಕಿದ್ದರೆ ಲಾಗಿನ್ ಆಗುವಾಗಲೇ ಎಕ್ಸ್11 ಸೆಷನ್ ಆರಿಸಿ, ನಿಮ್ಮ ಡಿಸ್ಟ್ರೋ ಇನ್ನೂ ಅದನ್ನು ಇಟ್ಟುಕೊಂಡಿದ್ದರೆ. ನಾನು ಒಂದು ವಾರ ಹಾಕಿ ತೆಗೆದೆ. ಗೆಳೆಯರ ತಲೆ ಮೇಲೆ ಶೇಕಡಾವಾರು ನೋಡುತ್ತಾ ಕೂರುವುದು ಸ್ನೇಹಕ್ಕೆ ಒಳ್ಳೆಯದಲ್ಲ. ಕೆಲವು ಸೈಟುಗಳು ಹಡ್‌ಗೆ ಬಿಡುವುದೂ ಇಲ್ಲ.

ವೈನ್ ಬಿಟ್ಟರೆ ಬೇರೆ ದಾರಿಗಳು? ವರ್ಚುವಲ್ ಮಶೀನಿನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಮಾಡಿದ ಇನ್ನೊಂದು ಕಂಪ್ಯೂಟರಿನಲ್ಲಿ, ವಿಂಡೋಸ್ ಹಾಕಬಹುದು, ಎಲ್ಲ ನೆಟ್ಟಗೆ ಓಡುತ್ತದೆ, ಆದರೆ ಭಾರ ಜಾಸ್ತಿ, ಮತ್ತೆ ಬಾಟ್ ನಡೆಸುವವರು ಅದೇ ದಾರಿ ಹಿಡಿಯುವುದರಿಂದ ಕೆಲವು ಸೈಟುಗಳಿಗೆ ಅದರ ಮೇಲೆ ಅನುಮಾನ. ಆಂಡ್ರಾಯ್ಡ್ ಆ್ಯಪನ್ನು ವೇಡ್ರಾಯ್ಡ್ ಮೂಲಕ ಓಡಿಸಬಹುದು, ಅದಕ್ಕೆ ವೇಲ್ಯಾಂಡ್ ಬೇಕು, ಆ್ಯಪ್ ಬರೀ ಫೋನುಗಳ ಆರ್ಮ್ ಚಿಪ್ಪಿಗೆ ಕಟ್ಟಿದ್ದಾದರೆ ಅದಕ್ಕೆ ಇನ್ನೊಬ್ಬ ದುಭಾಷಿ ಬೇಕು. ಇದರ ತಿರುಗುಮುರುಗು, ಆರ್ಮ್ ಚಿಪ್ಪಿನ ಚಿಕ್ಕ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇರುವವರ ಕತೆ. ವೈನ್ ಮಾತು ತಿರುಗಿಸುತ್ತದೆ, ಪ್ರೊಸೆಸರನ್ನು ತಿರುಗಿಸುವುದಿಲ್ಲ, ಹಾಗಾಗಿ ಅಲ್ಲಿ ಪ್ರೊಸೆಸರಿನ ಭಾಷೆ ತಿರುಗಿಸುವ ಬಾಕ್ಸ್64 ಥರದ್ದನ್ನು ಕೆಳಗೆ ಹಾಸಿ ಮೇಲೆ ವೈನ್ ಕೂರಿಸಬೇಕು. ಹುಮ್ಮಸ್ಸಿದ್ದರೆ ಮಾಡಿ, ಆಟದ ರಾತ್ರಿಗೆ ನಂಬಬೇಡಿ.

ಸುಮ್ನೆ ಪೋಕರ್ ಆಡಬೇಕು, ಯಾರ ಜೊತೆಗಾದರೂ ಸರಿ, ಎನ್ನುವವರು ಇಷ್ಟೆಲ್ಲ ಒದ್ದಾಡಬೇಕಿಲ್ಲ. ಪೋಕರ್‌ಟಿಎಚ್ ಎಂಬ ತೆರೆದ ಮೂಲದ ಆಟ ಇದೆ, ಸಿ ಪ್ಲಸ್ ಪ್ಲಸ್ ಮತ್ತು ಕ್ಯೂಟಿಯಲ್ಲಿ ಬರೆದದ್ದು, ಎಷ್ಟೋ ಡಿಸ್ಟ್ರೋಗಳ ಪ್ಯಾಕೇಜ್ ಪಟ್ಟಿಯಲ್ಲೇ ಸಿಗುತ್ತದೆ. ಹತ್ತು ಜನರವರೆಗೆ ಕೂರಬಹುದು, ಕಂಪ್ಯೂಟರ್ ಜೊತೆ ಅಥವಾ ಇಂಟರ್‌ನೆಟ್‌ನಲ್ಲಿ ಜನರ ಜೊತೆ. ದುಡ್ಡಿನ ಮಾತೇ ಇಲ್ಲ. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ಒತ್ತಿದ ತಕ್ಷಣ ತೆರೆಯುತ್ತದೆ, ಯಾವ ಪಾಪಪ್ಪೂ ಇಲ್ಲ. ಇದಕ್ಕೇ ಬನ್ನಿ ಎಂದು ನಮ್ಮ ಗುಂಪಿಗೆ ಮೂರು ಸಲ ಹೇಳಿದೆ. ಮೂರು ಸಲವೂ, "ನಿನ್ನೊಬ್ಬನಿಗೋಸ್ಕರ ನಾವೆಲ್ಲ ಬದಲಾಗ್ಬೇಕೇನೋ?" ಎಂಬ ಉತ್ತರ ಬಂತು. ಪೋಕರ್ ಸೈಟಿನ ಸಪೋರ್ಟಿನವರೂ ಇದನ್ನೇ ಸ್ವಲ್ಪ ಮರ್ಯಾದೆಯಿಂದ ಹೇಳಿದ್ದರು.

ವೈನ್‌ನವರು ಯಾವ ಪ್ರೋಗ್ರಾಂ ಹೇಗೆ ಓಡುತ್ತದೆ ಎಂಬುದಕ್ಕೆ ದರ್ಜೆ ಕೊಡುವ ಒಂದು ಪಟ್ಟಿ ಇಟ್ಟಿದ್ದಾರೆ. ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು, ಅದಕ್ಕೂ ಕೆಳಗೆ ಕಸ. ಟೇಬಲ್ ಒಂದನ್ನೇ ನೋಡಿದರೆ ನಾನು ಪ್ಲಾಟಿನಂ ಕೊಡುತ್ತೇನೆ. ವರ್ಚುವಲ್ ಡೆಸ್ಕ್‌ಟಾಪ್ ಹಾಕಿದ ಮೇಲೆ ಲಾಬಿಗೆ ಚಿನ್ನ. ಕ್ಯಾಷಿಯರಿಗೆ ಕಸ ಎನ್ನದೆ ಬೇರೆ ಪದ ಇಲ್ಲ. ಒಟ್ಟಿಗೆ ಬೆಳ್ಳಿ. ಆ ಬಿಳಿ ಕಿಟಕಿಯಲ್ಲಿ ಒಂದು ದಿನ ಏನಾದರೂ ಕಂಡರೆ ತಿದ್ದಿ ಬರೆಯುತ್ತೇನೆ.